ಎರಡು ದೊಡ್ಡ ಟಿವಿಗಳಿಗೆ ನಾನು ತೀರ್ಪು ಹೇಳಿದ್ದು

ಸಾಗರದ ಪೇಟೆಯಲ್ಲಿ ನಾನು ಬಹಳ ವರ್ಷ ಟಿವಿ ರಿಪೇರಿ ಅಂಗಡಿ ಇಟ್ಟಿದ್ದೆ. ಈಗಿನ ಟಿವಿ ಕೆಟ್ಟರೆ ಯಾರೂ ರಿಪೇರಿ ಮಾಡಿಸುವುದಿಲ್ಲ, ಹೊಸದು ತರುತ್ತಾರೆ. ಹಾಗಾಗಿ ಅಂಗಡಿ ಮುಚ್ಚಿದೆ. ಆದರೆ ಟಿವಿ ವಿಷಯ ನನಗೆ ಗೊತ್ತಿದ್ದಷ್ಟು ಈ ಮೂರು ತಾಲ್ಲೂಕಿನಲ್ಲಿ ಯಾರಿಗೂ ಗೊತ್ತಿಲ್ಲ ಎಂಬ ಹಮ್ಮನ್ನು ಮಾತ್ರ ಮುಚ್ಚಿರಲಿಲ್ಲ.

ನನ್ನ ಅಕ್ಕನನ್ನು ಕೊಟ್ಟಿರುವುದು ತೀರ್ಥಹಳ್ಳಿಗೆ. ಭಾವ ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಅವರ ತಮ್ಮ ಹೊಸನಗರದಲ್ಲಿ ರಸ್ತೆ ಕಂಟ್ರಾಕ್ಟರು, ನನ್ನ ಓರಗೆಯವನು. ಒಬ್ಬರು ಏನಾದರೂ ಕೊಂಡರೆ ಇನ್ನೊಬ್ಬರಿಗೆ ಅದಕ್ಕಿಂತ ದೊಡ್ಡದು ತರುವವರೆಗೆ ನಿದ್ದೆ ಬಾರದು. ಭಾವ ಅರವತ್ತೈದು ಇಂಚಿನ ದುಬಾರಿ ಟಿವಿ ತಂದರು. ಅದರಲ್ಲಿ ಕಪ್ಪು ಎಂದರೆ ಕಾಡಿಗೆಯಷ್ಟು ಕಪ್ಪು. ಹದಿನೈದೇ ದಿನಕ್ಕೆ ತಮ್ಮ ಎಪ್ಪತ್ತೈದು ಇಂಚಿನದು ತಂದ. ಅದರಲ್ಲಿ ಬಿಳಿ ಎಂದರೆ ಕಣ್ಣು ಕುಕ್ಕುವಷ್ಟು ಬಿಳಿ. ಸಿಗಂದೂರಿಗೆ ಹೊರಟ ಎರಡೂ ಸಂಸಾರ ದಾರಿಯಲ್ಲಿ ನಮ್ಮ ಮನೆಗೆ ಊಟಕ್ಕೆ ಬಂದಾಗ, ಯಾರ ಟಿವಿಯಲ್ಲಿ ಚಿತ್ರ ಚೆನ್ನ ಎಂದು ಅಣ್ಣತಮ್ಮಂದಿರು ಎಲೆ ಮುಂದೆ ಕೂತೇ ಜಗಳಕ್ಕೆ ನಿಂತರು. ಕೊನೆಗೆ ನಾನೇ ನೋಡಿ ಹೇಳಬೇಕು ಎಂದಾಯಿತು. ಬೇಡವೆನ್ನುವಷ್ಟು ವಿವೇಕ ನನಗಿರಲಿಲ್ಲ. ಒಳಗೊಳಗೇ ಹಿಗ್ಗಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಹೊಸನಗರಕ್ಕೆ ಹೋದೆ. ಹಾಲ್‌ನ ಕಿಟಕಿಗೆಲ್ಲ ದಪ್ಪ ಪರದೆ ಎಳೆದು, ಕಂಟ್ರಾಕ್ಟರು ದೇವರ ಗರ್ಭಗುಡಿ ತೆರೆಯುವವನಂತೆ ಟಿವಿ ಹಾಕಿದ. ಗಿಳಿಯ ರೆಕ್ಕೆ ಬಂತು. ಚಮಚದಿಂದ ಜೇನು ಇಳಿಯಿತು. ಯಾವುದೋ ದೇಶದ ಎತ್ತರದ ಕಟ್ಟಡಗಳ ದೀಪ ಹತ್ತಿದವು. ಮತ್ತೆ ಗಿಳಿ ಬಂತು.

"ಇದು ಅಂಗಡಿಯಲ್ಲಿ ತೋರಿಸೋ ವಿಡಿಯೋ ಅಲ್ವನಾ?" ಎಂದೆ.

"ಹೌದು ಮಾರಾಯ. ಪೆನ್‌ಡ್ರೈವಲ್ಲಿ ಹಾಕಿಸ್ಕೊಂಡು ಬಂದೆ. ಬಂದೋರಿಗೆಲ್ಲ ಇದನ್ನೇ ತೋರಿಸೋದು. ಬೇರೆಂಥ ಹಾಕಿದ್ರೂ ಇಷ್ಟು ಚಂದ ಬರೋದಿಲ್ಲ."

ಮನೆಯವರು ಏನು ನೋಡುತ್ತಾರೆಂದು ಕೇಳಿದೆ. ಅವನ ಹೆಂಡತಿ ಅಡುಗೆಮನೆಯಿಂದಲೇ, "ನಂಗೆ ಮೊಬೈಲು ಸಾಕು. ಅದರಲ್ಲಿ ಗಿಳಿ ಇಲ್ಲ" ಎಂದರು.

ಸೆಟ್ಟಿಂಗ್ ತೆರೆದು ನೋಡಿದರೆ ಟಿವಿ ಇನ್ನೂ ಅಂಗಡಿಯ ಮೋಡಿನಲ್ಲೇ ಇತ್ತು. ಅದು ಟ್ಯೂಬ್‌ಲೈಟುಗಳ ನಡುವೆ ಗಿರಾಕಿಯ ಕಣ್ಣು ಸೆಳೆಯಲೆಂದು ಬೆಳಕು, ಬಣ್ಣ ಎಲ್ಲವನ್ನೂ ತುದಿಗೇರಿಸಿಟ್ಟ ಮೋಡು. ನಾನು ಅದನ್ನು ಸಿನಿಮಾ ಮೋಡಿಗೆ ಇಳಿಸಿ, ಮನುಷ್ಯರ ಚರ್ಮ ಮನುಷ್ಯರ ಬಣ್ಣಕ್ಕೆ ಬಂದದ್ದನ್ನು ತೋರಿಸಿದೆ.

"ಥೂ, ಎಲ್ಲರಿಗೂ ಕಾಮಾಲೆ ಬಂದಂಗೆ ಕಾಣ್ತದೆ! ಮೊದಲಿನ ಹಂಗೇ ಮಾಡು ಮಾರಾಯ" ಎಂದ. ಮಾಡಿದೆ. ಗಿಳಿ ಮತ್ತೆ ಉರಿಯತೊಡಗಿತು.

ಅಣ್ಣ ಸೋಲುವುದನ್ನು ಕಣ್ಣಾರೆ ಕಾಣಲು ಅವನೂ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ತೀರ್ಥಹಳ್ಳಿಗೆ ಹೊರಟ. ನಾವು ಹೋದಾಗ ಅಕ್ಕ ಸೀರಿಯಲ್ ನೋಡುತ್ತಿದ್ದಳು. ಗೋಡೆ ತುಂಬ ಕುಳ್ಳಗೆ, ಅಗಲವಾಗಿ, ಮೇಣ ಕರಗಿದಂಥ ಮುಖದ ಜನ ಓಡಾಡುತ್ತಿದ್ದರು.

"ನೋಡು, ಎಷ್ಟು ಕ್ಲಿಯರ್ರು!" ಎಂದರು ಭಾವ.

ನಾನು ಟಿವಿಯ ಹಿಂದೆ ಕೈ ಹಾಕಿದೆ. ಡಿಶ್ಶಿನ ಬಾಕ್ಸಿನಿಂದ ಬಂದಿದ್ದು ಹಳದಿ, ಕೆಂಪು, ಬಿಳಿ ಪಿನ್ನುಗಳ ಹಳೇ ವಯರು. ಡಬ್ಬದಂಥ ಟಿವಿಗಳ ಕಾಲದಲ್ಲಿ ನಾನು ದಿನಾ ಬೆಸುಗೆ ಹಾಕುತ್ತಿದ್ದದ್ದು ಅದೇ ವಯರಿಗೆ.

"ಭಾವ, ಬಾಕ್ಸಿನ ಜೊತೆ ಎಚ್‌ಡಿಎಂಐ ಕೇಬಲ್ ಕೊಟ್ಟಿರಬೇಕಲ್ಲ?"

"ಕೊಟ್ಟಿದಾರೆ. ಹಾಳಾಗಬಾರದು ಅಂತ ಬೀರುವಲ್ಲಿ ಎತ್ತಿಟ್ಟಿದೀನಿ."

"ಎಚ್‌ಡಿ ಚಾನೆಲ್ಲೂ ಹಾಕಿಸಿಲ್ವಾ?"

"ಟಿವಿನೇ ಫೋರ್ ಕೆ ಇರುವಾಗ ಮತ್ತೆ ಎಚ್‌ಡಿ ಯಾಕೋ?" ಎಂದರು, ಸಾಲದ ಅರ್ಜಿ ವಾಪಸು ಕೊಡುವ ದನಿಯಲ್ಲಿ.

ಕೇಬಲ್ ಹಾಕಿ, ಡಿಶ್ಶಿನವರಿಗೆ ಫೋನು ಮಾಡಿ ಎಚ್‌ಡಿ ಚಾನೆಲ್ ಹಾಕಿಸಿ, ಎಳೆದು ಅಗಲಿಸಿದ್ದ ಚಿತ್ರವನ್ನು ಅದರ ಅಳತೆಗೆ ತಂದೆ. ಸೀರಿಯಲ್ಲಿನ ಸೊಸೆ ಕ್ಷಣದಲ್ಲಿ ಅರ್ಧಕ್ಕೆ ಇಳಿದಳು. ಅಕ್ಕ ಬಾಯಿಗೆ ಕೈ ಇಟ್ಟಳು. "ಅಯ್ಯೋ ತಮ್ಮಾ, ಅವಳು ಬಸುರಿ ಅಂತ ತಿಳ್ಕೊಂಡಿದ್ದೆನಲ್ಲೋ! ಮೂರು ತಿಂಗಳಿಂದ ಇವರ ಹತ್ರಾನೂ ಹೇಳ್ತಾ ಇದ್ದೆ."

ಸ್ವಲ್ಪ ಹೊತ್ತು ನೋಡಿ ಅವಳೇ ಮುಖ ಸಿಂಡರಿಸಿದಳು. "ಅತ್ತೆ ಮುಖದ ಪೌಡರೆಲ್ಲ ಕಾಣ್ತದೆ. ಮೊದಲೇ ಚಂದ ಇತ್ತು."

ಆ ಮಾತಿಗೆ ನನಗೆ ಸಿಟ್ಟು ಬಂತು. ಒಳ್ಳೆಯ ಚಿತ್ರ ಎಂದರೇನೆಂದು ಮೂವರಿಗೂ ಪಾಠ ಮಾಡಿದೆ. ಅವತ್ತು ಕ್ರಿಕೆಟ್ ಮ್ಯಾಚ್ ಇತ್ತು. ಅದೇ ಮ್ಯಾಚ್ ಮಾಮೂಲಿ ಚಾನೆಲ್ಲಿನಲ್ಲಿ, ಎಚ್‌ಡಿ ಚಾನೆಲ್ಲಿನಲ್ಲಿ, ಇಂಟರ್‌ನೆಟ್ಟಿನಲ್ಲಿ, ಹೀಗೆ ಮೂರು ಕಡೆ ಬರುತ್ತಿತ್ತು. ಯಾವುದು ಯಾವುದೆಂದು ಹುಲ್ಲು ನೋಡಿಯೇ ಹೇಳುತ್ತೇನೆ ಎಂದು ಮ್ಯಾಚ್ ಹಾಕಿ, ರಿಮೋಟನ್ನು ಅಕ್ಕನ ಕೈಗೆ ಕೊಟ್ಟೆ. ನಾವು ಮೂವರು ಗಂಡಸರು ಗೋಡೆ ಕಡೆ ತಿರುಗಿ ನಿಲ್ಲುವುದು, ಅಕ್ಕ ಒಂದೊಂದಾಗಿ ಹಾಕಿ ಕರೆಯುವುದು ಎಂದು ಗೊತ್ತಾಯಿತು.

"ಹ್ಞಾಂ, ತಿರುಗಿ" ಎಂದಳು ಅಕ್ಕ.

"ಮಾಮೂಲಿ ಚಾನೆಲ್. ನೋಡಿ, ಹುಲ್ಲು ಪಾಚಿಯ ಹಾಗೆ ಹರಡಿದೆ" ಎಂದೆ. ಭಾವ ತಲೆದೂಗಿದರು. ಎರಡನೆಯ ಸಲ, "ಇದು ಇಂಟರ್‌ನೆಟ್ಟು. ಗರಿಕೆ ಎಣಿಸಬಹುದು" ಎಂದೆ. ಕಂಟ್ರಾಕ್ಟರು ಹತ್ತಿರ ಹೋಗಿ, "ಬೌಲರ್ ಬೆವರು ಕಾಣ್ತದೆ ಮಾರಾಯ!" ಎಂದ. ಮೂರನೆಯದು ಎಚ್‌ಡಿ, ಎರಡಕ್ಕೂ ನಡುವಿನದು ಎಂದೆ. ಮೂವರೂ ಒಪ್ಪಿದೆವು.

ಅಕ್ಕ ಯಾರ ಮುಖವನ್ನೂ ನೋಡದೆ ರಿಮೋಟನ್ನು ಟೀಪಾಯಿಯ ಮೇಲಿಟ್ಟಳು. "ನಂಗೆ ಈ ಹೊಸ ರಿಮೋಟು ಒತ್ತಲಿಕ್ಕೇ ಬರ್ಲಿಲ್ಲ. ಮೂರು ಸಲಾನೂ ಮೊದಲು ಇದ್ದಿದ್ದೇ ಇತ್ತು. ನೀವೆಲ್ಲ ಅಷ್ಟು ಚಂದ ಹೇಳ್ತಿದ್ರಿ, ನಡುವೆ ಬಾಯಿ ಹಾಕೋದು ಹೆಂಗೆ ಅಂತ ಸುಮ್ನಿದ್ದೆ."

ನಾನು ವೋಲ್ಟೇಜಿನ ಏರಿಳಿತ, ಕಣ್ಣಿನ ದಣಿವು ಎಂದೆಲ್ಲ ಏನೋ ಹೇಳಿದೆ. ನನ್ನ ಮಾತನ್ನು ನಾನೇ ನಂಬುವಂತಿರಲಿಲ್ಲ. ಅಕ್ಕ ಕಾಫಿ ತರಲು ಒಳಗೆ ಹೋದಳು. ಅಲ್ಲಿಂದ ಅವಳ ನಗು ಬಹಳ ಹೊತ್ತು ಕೇಳಿಸಿತು.

ಹುಟ್ಟಿದ ಲಾಗಾಯ್ತು ಒಂದು ಮಾತಿಗೂ ಒಪ್ಪದ ಅಣ್ಣತಮ್ಮಂದಿರು ಆ ಸಂಜೆ ಒಂದು ವಿಷಯದಲ್ಲಿ ಒಂದಾದರು: ನನಗೆ ಟಿವಿ ವಿಷಯ ಏನೂ ತಿಳಿಯದು. ಹುಲ್ಲಿನ ಗರಿಕೆ, ಬೌಲರನ ಬೆವರು ತಾವೂ ಕಂಡದ್ದನ್ನು ಇಬ್ಬರೂ ಕಾಫಿ ಮುಗಿಯುವಷ್ಟರಲ್ಲಿ ಮರೆತಿದ್ದರು. ನಾನು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಮೂರು ಹುಲ್ಲುಗಳ ವ್ಯತ್ಯಾಸ ನನ್ನ ಕಣ್ಣಿಗೆ ಸ್ಪಷ್ಟವಾಗಿಯೇ ಕಾಣುತ್ತಿತ್ತು.

ನಾಲ್ಕು ದಿನ ಬಿಟ್ಟು ಭಾವ ಫೋನು ಮಾಡಿದರು. ಟಿವಿಯ ಕೆಳಗೆ ಇಡುವ ಉದ್ದನೆಯ ಸ್ಪೀಕರು ತರಬೇಕೆಂದಿದ್ದಾರಂತೆ, ಯಾವುದರ ಸದ್ದು ಚೆನ್ನ ಎಂದು ಕೇಳಿದರು. ಅಂಥ ಸ್ಪೀಕರಿನ ಸದ್ದನ್ನು ನಾನು ಅದುವರೆಗೆ ಒಮ್ಮೆಯೂ ಕೇಳಿರಲಿಲ್ಲ. ಮುಕ್ಕಾಲು ಗಂಟೆ ವಿವರಿಸಿದೆ.