ಮಾಲತಿಬಾಯಿಗೆಂದು ಹಾಕಿಸಿದ ಹಿಡಿಕೆ

ಬಚ್ಚಲುಮನೆ ಮನೆಯ ಅತ್ಯಂತ ಚಿಕ್ಕ ಕೋಣೆ ಎನ್ನುವವರು, ಒಳಗೆ ವಯಸ್ಸಾದ ಅತ್ತೆ ಸ್ನಾನ ಮಾಡುತ್ತಿರುವಾಗ ಹೊರಗೆ ಸೊಸೆಯಾಗಿ ನಿಂತು ನೋಡಬೇಕು. ಅದಕ್ಕಿಂತ ದೊಡ್ಡ ಮೈದಾನ ಊರಲ್ಲೇ ಇಲ್ಲ ಅನ್ನಿಸುತ್ತದೆ. ತೊಂಬತ್ತರ ದಶಕದ ಕೊನೆಗೆ ಮರಾಠಿ ನಾಡಿನ ಕೋಥರೂಡದ ನಮ್ಮ ಫ್ಲ್ಯಾಟಿನಲ್ಲಿ ನನ್ನ ಬೆಳಗುಗಳು ಹೀಗೇ ಕಳೆದವು: ಕೈ ಒಗ್ಗರಣೆಯಲ್ಲಿ, ಕಿವಿ ಬಚ್ಚಲಲ್ಲಿ. ಒಳಗೆ ತಂಬಿಗೆಯ ಸದ್ದು ನಿಂತರೆ ಹೊರಗೆ ನನ್ನ ಸೌಟೂ ನಿಲ್ಲುತ್ತಿತ್ತು. ಮತ್ತೆ ನೀರು ಸುರಿದ ಸದ್ದು ಕೇಳಿ ನಾನು ಉಸಿರು ಬಿಡುವಷ್ಟರಲ್ಲಿ ಸಾಸಿವೆ ಕರಕಲಾಗಿರುತ್ತಿತ್ತು.

ಕಾರಣವಿತ್ತು. ಆ ಶ್ರಾವಣದ ಒಂದು ಬೆಳಿಗ್ಗೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಓಡಿಹೋಗಿ ನೋಡಿದರೆ, ಗೋಡೆಗೊರಗಿ ಒದ್ದೆ ಸೀರೆಯಲ್ಲಿ ಕೂತು, ಉರುಳಿದ ತಂಬಿಗೆಯನ್ನು ನೆಟ್ಟಗೆ ನಿಲ್ಲಿಸುತ್ತಿದ್ದರು.

"ಬಿದ್ದಿಲ್ಲ ಸುಧಾ. ಸ್ವಲ್ಪ ಕೂತೀನಿ," ಎಂದರು.

ಕನ್ನಡದಲ್ಲಿ ಬೀಳದ ವಸ್ತುವೇ ಇಲ್ಲ. ಮಳೆ ಬೀಳುತ್ತದೆ, ಬಿಸಿಲು ಬೀಳುತ್ತದೆ, ಕನಸು ಬೀಳುತ್ತದೆ. ಕಣ್ಣಿಗೂ ಕಿವಿಗೂ ದಿನವಿಡೀ ಏನಾದರೊಂದು ಬೀಳುತ್ತಲೇ ಇರುತ್ತದೆ. ಬೀಳದೆ ಉಳಿದವರು ನಮ್ಮ ಅತ್ತೆಯೊಬ್ಬರೇ. ಅವರು ಕೂರುತ್ತಿದ್ದರು, ಒರಗುತ್ತಿದ್ದರು, ಹೆಚ್ಚೆಂದರೆ ಅವರ ಜೋಲಿ ತಪ್ಪುತ್ತಿತ್ತು. ಬೀಳುವುದು ಮುದುಕರ ಕೆಲಸ. ಅದಕ್ಕೂ ತಮಗೂ ಸಂಬಂಧವಿಲ್ಲವೆಂದು ಅವರು ಎಂದೋ ತೀರ್ಮಾನಿಸಿದ್ದರು.

ಪುಣ್ಯಕ್ಕೆ ಎಲುಬು ಮುರಿದಿರಲಿಲ್ಲ. ಆದರೆ ಡಾಕ್ಟರು ನನ್ನ ಗಂಡನನ್ನು ಬದಿಗೆ ಕರೆದು, ಈ ವಯಸ್ಸಿನಲ್ಲಿ ಸೊಂಟ ಮುರಿದರೆ ಮತ್ತೆ ಎದ್ದು ಓಡಾಡುವುದು ಕಷ್ಟ, ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿ, ನೆಲಕ್ಕೆ ಜಾರದ ರಬ್ಬರು ಹಾಸು ಹಾಕಿ, ಒಳ್ಳೆಯ ದೀಪ ಹಾಕಿ ಎಂದರು. ನನ್ನ ಗಂಡ ಅಂದೇ ಉಕ್ಕಿನ ಹಿಡಿಕೆ ತಂದರು. ಅತ್ತೆ ಅದನ್ನು ಮನೆಗೆ ಹಾವು ಬಂದಂತೆ ನೋಡಿದರು.

"ಇದೇನು ಮನಿಯೋ, ದವಾಖಾನಿಯೋ? ಗ್ವಾಡಿಗೆ ತೂತು ಹೊಡೀಬ್ಯಾಡ ರಾಘು. ನನ್ನ ಕಾಲು ಗಟ್ಟಿ ಅವ."

ಮಗ ಬೇಡಿಕೊಂಡರು, ಸಿಟ್ಟಾದರು, ಒಂದು ಹೊತ್ತು ಊಟವನ್ನೂ ಬಿಟ್ಟರು. ಅತ್ತೆ ಆ ಪಾಲಿನ ರೊಟ್ಟಿಯನ್ನು ನನಗೇ ಬಡಿಸಿದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಯಾರ ಕೈಯನ್ನೂ ಹಿಡಿಯದೆ ಬಾಗಲಕೋಟೆಯಲ್ಲಿ ಮಕ್ಕಳನ್ನು ದಡ ಸೇರಿಸಿದ ಹೆಂಗಸು ಅವರು. ಈಗ ಗೋಡೆಯ ಕೈ ಹಿಡಿಯಿರಿ ಎಂದರೆ ಹೇಗೆ ಒಪ್ಪಿಯಾರು? ಹಿಡಿಕೆ ಕಪಾಟಿನ ಹಿಂದೆ ಸೇರಿತು. ನನ್ನ ಸಾಸಿವೆ ಕರಕಲಾಗುತ್ತಲೇ ಇತ್ತು.

ಎದುರಿನ ಮನೆಯ ಮಾಲತಿಬಾಯಿ ಅತ್ತೆಯ ಓರಗೆಯವರು, ಮರಾಠಿಯವರು. ಮಧ್ಯಾಹ್ನವಾದರೆ ಚಹಾಕ್ಕೆ ಬರುತ್ತಿದ್ದರು; ಇಲ್ಲವೇ ಅತ್ತೆ ಅಲ್ಲಿಗೆ ಹೋಗುತ್ತಿದ್ದರು. ಇವರದು ಮುಕ್ಕಾಲು ಕನ್ನಡದ ಮರಾಠಿ, ಅವರದು ತಲೆಯಾಡಿಸುವ ಕನ್ನಡ. ಇಬ್ಬರೂ ಹೂಬತ್ತಿ ಹೊಸೆಯುತ್ತ ಸೊಸೆಯರ ವಿಷಯ ಮಾತಾಡುವುದಕ್ಕೆ ಅಷ್ಟು ಭಾಷೆ ಸಾಕಾಗಿತ್ತು.

ಒಂದು ಮಧ್ಯಾಹ್ನ ಮಾಲತಿಬಾಯಿ ಕೈ ತೊಳೆಯಲು ನಮ್ಮ ಬಚ್ಚಲಿಗೆ ಹೋದವರು ಹೊಸ್ತಿಲಲ್ಲೇ ಜಾರಿದರು. ಬಾಗಿಲಿನ ಚೌಕಟ್ಟು ಕೈಗೆ ಸಿಕ್ಕಿತು, ಹೇಗೋ ಉಳಿದುಕೊಂಡರು. ಆಮೇಲೆ ನಗುತ್ತಲೇ ಮನೆಗೆ ಹೋದರು. ನಮ್ಮ ಅತ್ತೆ ಮಾತ್ರ ನಗಲಿಲ್ಲ. ಹೊಸೆದಿದ್ದ ಬತ್ತಿಯನ್ನೇ ಮತ್ತೆ ಮತ್ತೆ ಹೊಸೆಯುತ್ತ ಕೂತಿದ್ದರು. ಸಂಜೆ ಮಗ ಚಾಕಣದ ಕಾರ್ಖಾನೆಯಿಂದ ಬಂದು ಬೂಟು ಬಿಚ್ಚುವುದಕ್ಕೂ ಬಿಡಲಿಲ್ಲ.

"ಆ ಹಿಡಿಕಿ ಎಲ್ಲಿಟ್ಟೀ? ನಾಳೆನ ಹಾಕಸು. ನನಗಲ್ಲ ಮತ್ತ. ಮಾಲತಿಬಾಯಿ ಬರ್ತಾಳ, ಹೋಗ್ತಾಳ. ನಮ್ಮ ಮನ್ಯಾಗ ಬಿದ್ದಳಂದ್ರ ಅಕಿ ಮಗಗ ಏನ್ ಮಾರಿ ತೋರಸೂದು?"

ಮರುದಿನ ಗೋಡೆಗೆ ತೂತು ಬಿತ್ತು. ಎತ್ತರ ಎಷ್ಟಿರಬೇಕೆಂದು ಅತ್ತೆ ತಾವೇ ನಿಂತು, ಕೈ ಚಾಚಿ ತೋರಿಸಿದರು. ಮಾಲತಿಬಾಯಿ ತಮಗಿಂತ ಗೇಣು ಗಿಡ್ಡ ಎಂಬುದು ಆ ಹೊತ್ತಿಗೆ ಅವರಿಗೆ ನೆನಪಾಗಲಿಲ್ಲ. ಮಾಲತಿಬಾಯಿಯ ಹೆಸರಿನಲ್ಲೇ ರಬ್ಬರು ಹಾಸು ಬಂತು, ದೊಡ್ಡ ದೀಪ ಬಂತು, ನಡುಮನೆಯ ಜಾರುವ ಚಾಪೆ ಹೊರಟುಹೋಯಿತು.

ಕೆಲವು ದಿನಗಳ ಮೇಲೆ ತರಕಾರಿ ಗಾಡಿಯ ಹತ್ತಿರ ಮಾಲತಿಬಾಯಿಯ ಸೊಸೆ ಸಿಕ್ಕಳು. ತಮ್ಮ ಬಚ್ಚಲಿಗೂ ಹಿಡಿಕೆ ಹಾಕಿಸೋಣವೆಂದು ಎಷ್ಟು ಹೇಳಿದರೂ ಒಪ್ಪದ ತನ್ನ ಅತ್ತೆ ಈಗ ತಾವಾಗಿಯೇ ಹಟ ಹಿಡಿದು ಹಾಕಿಸಿದರು ಎಂದಳು. ಏಕೆಂದು ಕೇಳಿದೆ. ನಿಮ್ಮ ಅತ್ತೆಗಾಗಿ ಎಂದಳು. ಪಾಪ, ಆ ಕಾನಡಿ ಅಜ್ಜಿಯ ಮೊಣಕಾಲು ಸರಿಯಿಲ್ಲ, ನಮ್ಮ ಮನೆಗೆ ಬಂದಾಗ ಬಿದ್ದುಗಿದ್ದಾರು ಅಂದರಂತೆ. ನಾನು ನಮ್ಮ ಮನೆಯ ಕಥೆ ಹೇಳಿದೆ. ಇಬ್ಬರೂ ಮೆಂತ್ಯದ ಸೂಡು ಹಿಡಿದುಕೊಂಡು ರಸ್ತೆಯಲ್ಲೇ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ, ಈ ವಿಷಯ ಎರಡೂ ಮನೆಯ ಹೊಸ್ತಿಲು ದಾಟಿ ಒಳಗೆ ಹೋಗಬಾರದೆಂದು ಮಾತು ಮಾಡಿಕೊಂಡೆವು.

ತನಗಾಗಿ ಒಂದಿಂಚೂ ಬಗ್ಗದ ಜೀವ ಗೆಳತಿಗಾಗಿ ಎಷ್ಟು ಬೇಗ ಬಗ್ಗುತ್ತದೆ! ಹಿರಿಯರಿಗೆ ನಾವು ಅವರ ವಯಸ್ಸನ್ನು ನೆನಪಿಸಿ ಹೆದರಿಸುತ್ತೇವೆ. ಇನ್ನೊಬ್ಬರನ್ನು ಕಾಯುವ ಕೆಲಸ ಕೊಟ್ಟರೆ ಅವರು ತಮ್ಮನ್ನೂ ಕಾದುಕೊಳ್ಳುತ್ತಾರೆ ಎಂಬುದು ನಮಗೆ ಹೊಳೆಯುವುದಿಲ್ಲ.

ಒಂದು ಬೆಳಿಗ್ಗೆ ಬಚ್ಚಲಿನ ಬಾಗಿಲು ತೆರೆದಾಗ ಅತ್ತೆ ಎರಡೂ ಕೈಯಿಂದ ಹಿಡಿಕೆ ಹಿಡಿದು ನಿಧಾನವಾಗಿ ಹೆಜ್ಜೆ ಇಡುತ್ತಿದ್ದರು. ನನ್ನನ್ನು ಕಂಡು ನಿಂತರು.

"ಜಗ್ಗಿ ನೋಡ್ಲಿಕ್ಕತ್ತಿದ್ದೆ," ಎಂದರು. "ಅಕಿ ಹಿಡಕೊಂಡಾಗ ಕಿತ್ತು ಬರಬಾರದಲ್ಲ."

"ಹೌದ್ರಿ ಅತ್ತಿ," ಎಂದೆ. "ದಿನಾ ಹಿಂಗ ಜಗ್ಗಿ ನೋಡ್ರಿ. ಒಳಗ ಹೋಗೂ ಮುಂದೂ ಒಮ್ಮೆ ನೋಡ್ರಿ."