ಅಳತೆ ಟೀಚರು ಭೂಮಿ ಅಳೆದ ದಿನ

ಎಂಟನೇ ತರಗತಿಗೆ ಗಣಿತ ಹೇಳುವ ಮೇಡಂ ಅವರನ್ನು ಮಕ್ಕಳು ಬೆನ್ನ ಹಿಂದೆ ಕರೆಯುತ್ತಿದ್ದದ್ದು ‘ಅಳತೆ ಟೀಚರ್’ ಅಂತ. ಅವರ ಅಪ್ಪ ಟೈಲರ್. ಹೊಲಿಗೆ ಯಂತ್ರದ ಕೆಳಗೆ ಬಿದ್ದ ಬಟ್ಟೆ ಚೂರುಗಳ ನಡುವೆ ಕೂತೇ ಅವರು ಲೆಕ್ಕ ಕಲಿತದ್ದು. ನಲವತ್ತೆಂಟು ದಾಟಿದ ಮೇಲೂ ಅವರ ಬ್ಯಾಗಿನಲ್ಲಿ ಒಂದು ಟೇಪು ಇದ್ದೇ ಇರುತ್ತಿತ್ತು. ಬೆಂಚು, ಕಿಟಕಿ, ಮಕ್ಕಳ ಮೂಗು, ಯಾವುದನ್ನೂ ಅಳೆಯದೆ ಬಿಟ್ಟವರಲ್ಲ. ಕುಳ್ಳಗಿನ ಆಳು, ನಡಿಗೆ ಮಾತ್ರ ಬಸ್ಸು ತಪ್ಪಿಹೋಗುತ್ತದೇನೋ ಅನ್ನುವ ಹಾಗೆ.

ಆ ವರ್ಷ ಶಾಲೆಗೆ ಒಂದು ದೊಡ್ಡ ಪರದೆ, ಕ್ಯಾಮೆರಾ ಬಂತು. ಧೂಳು ಕೂರಬಾರದೆಂದು ಹೆಡ್‌ಮಾಸ್ಟರು ಅದಕ್ಕೆ ಬಟ್ಟೆ ಹೊದಿಸಿಟ್ಟರು. ಎರಡು ತಿಂಗಳು ಅದು ಹಾಗೇ ಮುಸುಕು ಹಾಕಿಕೊಂಡು ನಿಂತಿತ್ತು. ಟೀಚರು ತಡೆಯಲಾರದೆ ತಮ್ಮ ಕಾಲೇಜು ಗೆಳತಿಗೆ ಫೋನು ಮಾಡಿದರು. ಗೆಳತಿಯೂ ಗಣಿತದ ಟೀಚರೇ. ಅವಳ ಶಾಲೆ ನೇರ ಉತ್ತರಕ್ಕೆ, ಏಳುನೂರು ಕಿಲೋಮೀಟರ್ ಆಚೆ. ಇಬ್ಬರೂ ಸೇರಿ ಎರಡು ತರಗತಿಗೆ ಒಟ್ಟಿಗೆ ವಿಡಿಯೋ ಪಾಠ ಮಾಡೋಣವೆಂದು ನಿಶ್ಚಯಿಸಿದರು.

ಮೊದಲ ಪಾಠ ನೆಲ ಕಚ್ಚಿತು. ಇವರು ಇಪ್ಪತ್ತು ನಿಮಿಷ ಮಾತಾಡಿದರು, ಅವಳು ಇಪ್ಪತ್ತು ನಿಮಿಷ ಮಾತಾಡಿದಳು. ಎರಡೂ ಕಡೆ ಫ್ಯಾನಿನ ಸದ್ದು, ಬೆಂಚಿನ ಕಿರಕಿರ, ಪ್ರತಿಧ್ವನಿ. ಮಕ್ಕಳು ಮೊದಲ ಐದು ನಿಮಿಷ ಕೈ ಬೀಸಿದರು, ಆಮೇಲೆ ತೂಕಡಿಸಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಡ್‌ಮಾಸ್ಟರು, “ಟಿವಿ ನೋಡೋಕೆ ಶಾಲೆಗೆ ಯಾಕೆ ಬರಬೇಕು ಮೇಡಂ?” ಅಂದು ಹೊರಟುಹೋದರು.

ಸಂಜೆ ಗೆಳತಿಯ ಫೋನು ಬಂತು.

“ಏನೇ, ನಿನ್ನ ಕಡೆ ಎಷ್ಟು ಜನ ನಿದ್ದೆ ಮಾಡಿದ್ರು?”

“ಒಂಬತ್ತು. ನಿನ್ನ ಕಡೆ?”

“ಎಣಿಸ್ಲಿಲ್ಲ ಕಣೇ, ನನಗೇ ಜೊಂಪು ಹತ್ತಿತ್ತು.”

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಗು ನಿಂತ ಮೇಲೆ ಅಳತೆ ಟೀಚರು ಕೇಳಿದರು: “ನಮ್ಮಿಬ್ಬರ ಮುಖ ನೋಡಿ ಮಕ್ಕಳಿಗೆ ಏನಾಗ್ಬೇಕು ಹೇಳು? ಇಲ್ಲಿ ಸಿಗದೇ ಇರೋದು ನಿಮ್ಮೂರಲ್ಲಿ ಏನಿದೆ? ಅದನ್ನ ತೋರಿಸು.”

“ಇಲ್ಲೇನಿದೆ ಮಣ್ಣು! ಬಿಸಿಲಿದೆ.”

“ಬಿಸಿಲು ಇಲ್ಲೂ ಇದೆ.”

 ಮರುಗಳಿಗೆಯೇ ಇಬ್ಬರೂ ಏಕಕಾಲಕ್ಕೆ ಕಿರುಚಿದರು: “ನೆರಳು!”

ವಿಷಯ ಸರಳ. ಒಂದೇ ಉದ್ದದ ಎರಡು ಕೋಲುಗಳನ್ನು ಎರಡೂರಲ್ಲಿ ಒಂದೇ ಮಧ್ಯಾಹ್ನ ನೆಟ್ಟರೆ, ಭೂಮಿ ಚಪ್ಪಟೆಯಾಗಿದ್ದಲ್ಲಿ ನೆರಳೂ ಒಂದೇ ಉದ್ದ ಬೀಳಬೇಕು. ಭೂಮಿ ಬಾಗಿದೆ, ಆದ್ದರಿಂದ ನೆರಳುಗಳು ಬೇರೆಯಾಗುತ್ತವೆ. ಆ ವ್ಯತ್ಯಾಸ, ಜೊತೆಗೆ ಎರಡೂರ ನಡುವಿನ ದೂರ, ಇವೆರಡು ಸಿಕ್ಕರೆ ಇಡೀ ಭೂಮಿಯ ಸುತ್ತಳತೆ ಲೆಕ್ಕಕ್ಕೆ ಸಿಗುತ್ತದೆ.

ಈ ಸಲ ಟೀಚರು ಟೊಂಕ ಕಟ್ಟಿ ನಿಂತರು. ಮೂವತ್ತೊಂದು ಮಕ್ಕಳಿಗೂ ಒಂದೊಂದು ಕೆಲಸ ಹಂಚಿದರು. ದಾರಕ್ಕೆ ಕಲ್ಲು ಕಟ್ಟಿ ಕೋಲು ನೆಟ್ಟಗಿದೆಯೇ ಎಂದು ನೋಡುವವರು ಕೆಲವರು, ನೆರಳಿನ ತುದಿಗೆ ಸುಣ್ಣದಲ್ಲಿ ಗುರುತು ಹಾಕುವವರು ಕೆಲವರು, ಚಿತ್ರ ಬರೆದು ಕೋನ ಅಳೆಯುವವರು ಇನ್ನು ಕೆಲವರು. ಆ ಕಡೆ ಮಾತಾಡುವಾಗ ಈ ಕಡೆ ಮೈಕು ಬಂದ್, ಒಂದು ಸಲಕ್ಕೆ ಒಬ್ಬರದೇ ಮಾತು. ಅಳತೆಗಳನ್ನು ಕೂಗಿ ಹೇಳುವ ಕೆಲಸ ‘ಮೈಕಾಸುರಿ’ಗೆ ಹೋಯಿತು. ಅವಳು ಪಿಸುಗುಟ್ಟಿದರೂ ಪಕ್ಕದ ಬೀದಿಗೆ ಕೇಳುತ್ತಿತ್ತು. ಹೆಸರು ಬಂದದ್ದು ಹಾಗೆ.

ಟೀಚರ ಗಂಡ ಎಲೆಕ್ಟ್ರಿಷಿಯನ್. ಹಿಂದಿನ ದಿನವೇ ಬಂದು ಅಂಗಳದವರೆಗೆ ವೈರು ಎಳೆದು ಪರದೆಯನ್ನು ಜಗಲಿಯಲ್ಲಿ ನಿಲ್ಲಿಸಿದರು, ಕ್ಯಾಮೆರಾವನ್ನು ಸ್ಟೂಲಿನ ಮೇಲೆ ಕೂರಿಸಿ ಕೋಲಿನ ಬುಡದತ್ತ ಬಗ್ಗಿಸಿದರು.

“ಮುಖ ಕಾಣಲ್ವಲ್ಲೇ!”

“ಕಾಣೋದು ಬೇಡ ರೀ. ನೆರಳು ಕಂಡ್ರೆ ಸಾಕು.”

ಗೆಳತಿಯ ಜೊತೆ ಹತ್ತು ನಿಮಿಷ ಪರೀಕ್ಷೆಯೂ ಆಯಿತು. ಚಿತ್ರ ಬಂತು, ಧ್ವನಿ ಬಂತು. ಟೀಚರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮರುದಿನ ಮಧ್ಯಾಹ್ನ ಆಕಾಶ ತೊಳೆದಿಟ್ಟ ಹಾಗಿತ್ತು. ಇಲ್ಲಿ ಒಂದು ಮೀಟರ್ ಕೋಲು, ಅಲ್ಲಿ ಒಂದು ಮೀಟರ್ ಕೋಲು. ಪರದೆಯ ಮೇಲೆ ಆ ಊರ ನೆರಳು ಕಂಡದ್ದೇ ತಡ, ಮಕ್ಕಳಲ್ಲಿ ಗುಲ್ಲೆದ್ದಿತು. “ಅಯ್ಯೋ, ಅವರದ್ದು ನಮ್ಮದರ ಎರಡರಷ್ಟು ಉದ್ದ ಇದೆ!” ಯಾರೂ ಹೇಳಿಕೊಡಬೇಕಾಗಲಿಲ್ಲ, ಕಣ್ಣಿಗೇ ಕಂಡಿತ್ತು. ಎರಡೆರಡು ನಿಮಿಷಕ್ಕೆ ಒಂದು ಗುರುತು. ನೆರಳು ಕುಗ್ಗುತ್ತ ಬಂತು, ಅತ್ಯಂತ ಗಿಡ್ಡ ನೆರಳು ಯಾವುದೆಂದು ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಅಷ್ಟರಲ್ಲಿ ಧ್ವನಿ ಕೈಕೊಟ್ಟಿತು.

ಆ ಕಡೆಯ ಕೋಲಿನ ಪಕ್ಕ ಬಗ್ಗಿ ಕೂತ ಗೆಳತಿಯ ತುಟಿ ಅಲ್ಲಾಡುತ್ತಿದೆ, ಮಾತಿಲ್ಲ. ಮೈಕಾಸುರಿ ಗಂಟಲು ಹರಿದುಕೊಂಡಳು: “ಹತ್ತೂವರೆ ಸೆಂಟಿಮೀಟರ್!” ಆ ಕಡೆಯವರು ಕಿವಿಗೆ ಕೈ ಹಿಡಿದು ತಲೆಯಾಡಿಸಿದರು. ಟೀಚರು ಫೋನು ಹಚ್ಚಿದರು, ಗೆಳತಿಯ ಫೋನು ಅವಳ ತರಗತಿಯ ಮೇಜಿನ ಮೇಲೆ ಎಲ್ಲೋ ಹೊಡೆದುಕೊಳ್ಳುತ್ತಿತ್ತು. ನೆರಳು ಯಾರಿಗೂ ಕಾಯುವುದಿಲ್ಲ.

ಮೈಕಾಸುರಿ ಹಿಂದೆ ಮುಂದೆ ನೋಡದೆ ಒಳಗೆ ಓಡಿದಳು. ಗೋಡೆಗೆ ಒರಗಿಸಿದ್ದ ಹಳೇ ಕಪ್ಪುಹಲಗೆಯನ್ನು ಇನ್ನೊಬ್ಬಳ ಜೊತೆ ಹೊತ್ತು ತಂದು, ಸುಣ್ಣದಲ್ಲಿ ಮೊಳದುದ್ದದ ಅಂಕಿ ಬರೆದು ಕ್ಯಾಮೆರಾದ ಮುಂದೆ ಹಿಡಿದಳು: 10.5. ಆ ಕಡೆ ಮಕ್ಕಳು ದಿಗ್ಗನೆ ಎದ್ದರು. ಅರ್ಧ ನಿಮಿಷದಲ್ಲಿ ಪರದೆಯ ಮೇಲೆ ನಾಲ್ಕು ಕೈಗಳು ಒಂದು ರಟ್ಟು ಎತ್ತಿ ಹಿಡಿದವು: 22.2.

“ಬಂತು! ಬಂತು!” ಅಂಗಳವೇ ಕೂಗಿತು.

ಅಲ್ಲೇ ನೆಲದ ಮೇಲೆ ಕೂತು ಮಕ್ಕಳು ತ್ರಿಕೋನ ಬರೆದರು. ಕೋಲಿಗೂ ಬಿಸಿಲಿನ ಗೆರೆಗೂ ನಡುವೆ ಇಲ್ಲಿಯ ಕೋನ ಆರು ಡಿಗ್ರಿ, ಅಲ್ಲಿಯದು ಹನ್ನೆರಡೂವರೆ. ವ್ಯತ್ಯಾಸ ಆರೂವರೆ. ಆರೂವರೆ ಡಿಗ್ರಿಗೆ ಏಳುನೂರು ಕಿಲೋಮೀಟರ್ ಆದರೆ ಇಡೀ ಸುತ್ತಿನ ಮುನ್ನೂರ ಅರವತ್ತಕ್ಕೆ ಎಷ್ಟು? ಪೆನ್ಸಿಲುಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಲಗೆಯ ಮೇಲೆ ಉತ್ತರ ಮೂಡಿತು: ಸುಮಾರು ಮೂವತ್ತೆಂಟು ಸಾವಿರದ ಏಳುನೂರ ಎಪ್ಪತ್ತು. ಆ ಕಡೆಯ ರಟ್ಟಿನಲ್ಲೂ ಅದೇ!

ಟೀಚರು ಪುಸ್ತಕ ತೆರೆದು ಓದಿದರು: “ನಲವತ್ತು ಸಾವಿರ ಕಿಲೋಮೀಟರ್.”

ಮೈಕಾಸುರಿ ಅದನ್ನೂ ಹಲಗೆಯ ಮೇಲೆ ಬರೆದು ಕ್ಯಾಮೆರಾದ ಮುಂದೆ ಹಿಡಿದಳು; ಬರೀ ಕೋಲಿನ ಲೆಕ್ಕ ಪುಸ್ತಕದ ಇಷ್ಟು ಹತ್ತಿರ ಬಂದಿತ್ತು. ಆಮೇಲೆ ಎರಡು ಊರಿನ ಮಕ್ಕಳು ಒಟ್ಟಿಗೆ ಕುಣಿದರು. ಧ್ವನಿಯಿಲ್ಲದ ಪರದೆಯಲ್ಲಿ ಗೆಳತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಇತ್ತ ಟೀಚರ ಕಣ್ಣೂ ತುಂಬಿತ್ತು.

ಗದ್ದಲಕ್ಕೆ ಹೆಡ್‌ಮಾಸ್ಟರು ಕೋಣೆಯಿಂದ ಓಡಿಬಂದಿದ್ದರು. ಮೈಕಾಸುರಿ ಅವರ ಕೈಹಿಡಿದು ಎಳೆದು ಕೋಲು, ಗುರುತು, ತ್ರಿಕೋನ, ಲೆಕ್ಕ ಎಲ್ಲವನ್ನೂ ಒಂದೇ ಉಸಿರಿಗೆ ವಿವರಿಸಿದಳು. ಅವರು ಕನ್ನಡಕ ಸರಿಮಾಡಿಕೊಂಡು ಹಲಗೆ ನೋಡಿದರು, ಪುಸ್ತಕ ನೋಡಿದರು, ತಾವೇ ಬಗ್ಗಿ ನೆರಳಿನ ಗುರುತು ಮುಟ್ಟಿ ನೋಡಿದರು. ಬಿಳಿ ಅಂಗಿಯ ತೋಳಿಗೆ ಸುಣ್ಣ ಮೆತ್ತಿತು, ಅವರಿಗೆ ಗೊತ್ತೇ ಆಗಲಿಲ್ಲ.

“ಮೇಡಂ,” ಅಂದರು ಕೊನೆಗೆ, ದನಿ ತಗ್ಗಿಸಿ, “ಚಂದ್ರನ್ನೂ ಹೀಗೇ ಅಳೀಬಹುದಾ?”