ಇಂಜಿನ್ ಇಳಿದ ಮೇಲೆ ಅತ್ತಿಗೆಯ ಸರದಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಯಾರೇಜಿನ ಬಾಗಿಲು ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಬಾನೆಟ್ ಕಳಚಿಟ್ಟ ಬಿಳಿ ಕಾರೊಂದು ನಿಂತಿದೆ. ಅದರ ಇಂಜಿನ್ ನಿನ್ನೆ ಸಂಜೆಯೇ ಸರಪಳಿಗೆ ಜೋತುಬಿದ್ದು ಹೊರಬಂದು, ಈಗ ಮೂಲೆಯ ಕಬ್ಬಿಣದ ಮೇಜಿನ ಮೇಲೆ ಕೂತಿದೆ. ಇಂಜಿನ್ ಇದ್ದ ಗೂಡಿನೊಳಕ್ಕೆ ಸೊಂಟದವರೆಗೂ ಬಗ್ಗಿದ ಹೆಂಗಸೊಬ್ಬರ ಬೆನ್ನಷ್ಟೇ ಕಾಣುತ್ತಿದೆ. ಬ್ರಷ್ ಉಜ್ಜುವ ಸದ್ದು, ಸೀಮೆಎಣ್ಣೆಯ ವಾಸನೆ, ನಡುನಡುವೆ ಬೈಗುಳ.

“ಅಬ್ಬಬ್ಬಾ, ಎಷ್ಟು ವರ್ಷದ ಕೊಳೆನೋ ಇದು! ನಿನ್ನ ಯಜಮಾನ ತಾನೊಬ್ಬ ದಿನಾ ಸ್ನಾನ ಮಾಡಿದ್ರೆ ಆಯ್ತಾ?”

ಬೈಸಿಕೊಳ್ಳುತ್ತಿರುವುದು ಕಾರು. ಬೈಯುತ್ತಿರುವವರು ಅತ್ತಿಗೆ. ಗ್ಯಾರೇಜ್ ನಡೆಸುವ ಮೆಕ್ಯಾನಿಕ್ಕಿನ ಅಣ್ಣನ ಹೆಂಡತಿ ಇವರು. ಅವನು ಕರೆಯುವುದನ್ನು ಕೇಳಿ ಕೇಳಿ ಬಿಡಿಭಾಗದ ಅಂಗಡಿಯವರಿಗೂ ಅತ್ತಿಗೆ, ವಯಸ್ಸಿನಲ್ಲಿ ಅವರಿಗಿಂತ ಎಷ್ಟೋ ಹಿರಿಯರಾದ ಗಿರಾಕಿಗಳಿಗೂ ಅತ್ತಿಗೆಯೇ.

ಇಂಜಿನ್ ರಿಪೇರಿ ಮೈದುನನ ಪಾಲು. ಅದು ಹೊರಗಿರುವಷ್ಟು ಹೊತ್ತು ಖಾಲಿ ಗೂಡು ಅತ್ತಿಗೆಯ ಪಾಲು. ಮೊದಲು ತೊಳೆಯುತ್ತಾರೆ, ಕೊಳೆ ಹೋದರೆ ತಾನೇ ಎಲ್ಲಿ ಸೋರಿದೆ ಎಂದು ತಿಳಿಯುವುದು. ಆಮೇಲೆ ಒಂದೊಂದೇ ರಬ್ಬರ್ ಪೈಪನ್ನು ತರಕಾರಿ ಎಳೆಯದೋ ಬಲಿತದ್ದೋ ನೋಡುವಂತೆ ಹಿಚುಕುತ್ತಾರೆ. ಇಲಿ ಕಡಿದ ವೈರುಗಳಿಗೆ ಟೇಪು ಸುತ್ತುತ್ತಾರೆ. ಇಂಜಿನ್ ಕೂರುವ ರಬ್ಬರ್ ದಿಂಬುಗಳನ್ನು ಬಗ್ಗಿಸಿ ಬಿರುಕು ಹುಡುಕುತ್ತಾರೆ. ತುಕ್ಕು ಕಂಡಲ್ಲಿ ಉಜ್ಜಿ ಬಣ್ಣ ಬಳಿಯುತ್ತಾರೆ. ಕ್ಲಚ್ ಪ್ಲೇಟ್ ಸವೆದಿದ್ದರೆ, ಇಂಜಿನ್ ಹಿಂಬದಿಯಲ್ಲಿ ಎಣ್ಣೆ ಸೋರದಂತೆ ತಡೆಯುವ ಸೀಲ್ ಒದ್ದೆಯಾಗಿದ್ದರೆ ಮೈದುನನಿಗೆ ಕೂಗು ಹೋಗುತ್ತದೆ. ಈಗ ಬದಲಿಸಿದರೆ ಸಣ್ಣ ಕೆಲಸ. ಆರು ತಿಂಗಳು ಬಿಟ್ಟು ಕೈಕೊಟ್ಟರೆ ಅದೊಂದಕ್ಕಾಗಿ ಇಡೀ ಇಂಜಿನ್ನನ್ನು ಮತ್ತೆ ಇಳಿಸಬೇಕು.

ಇದನ್ನೆಲ್ಲ ಗಿರಾಕಿಗಳಿಗೆ ಒಪ್ಪಿಸುವುದೇ ದೊಡ್ಡ ಗೋಳು. ಬಿಳಿ ಕಾರಿನವರು ಗ್ಯಾರೇಜಿನ ಬಾಗಿಲು ಪೂರ್ತಿ ತೆರೆಯುವ ಮೊದಲೇ ಬಂದು ನಿಂತಿದ್ದಾರೆ. “ಅತ್ತಿಗೆ, ಕೆಟ್ಟಿರೋದು ಇಂಜಿನ್ನು. ಸುಮ್ನೆ ಇರೋದನ್ನೆಲ್ಲ ಯಾಕೆ ಕೆದಕ್ತೀರಿ?”

“ಮನೇಲಿ ಬೀರು ಸರಿಸಿದಾಗ ಅದರ ಹಿಂದೆ ಗುಡಿಸ್ತೀರೋ, ಇಲ್ಲ ಹಾಗೇ ಮತ್ತೆ ತಳ್ತೀರೋ?”

“ನಮ್ಮನೇಲಿ ಬೀರು ಸರಿಸೋದೇ ಇಲ್ಲ.”

“ಅದು ನಿಮ್ಮ ಕಾರು ನೋಡಿದ್ರೇ ಗೊತ್ತಾಗುತ್ತೆ!”

ಗಿರಾಕಿ ನಗುತ್ತಲೇ ಸೋಲುತ್ತಾರೆ.

ಅತ್ತಿಗೆ ಈ ಕೆಲಸಕ್ಕೆ ಬಂದದ್ದು ನಗುತ್ತಾ ಅಲ್ಲ. ಆಗ ಅವರ ಗಂಡ ಬಾಡಿಗೆ ಕಾರು ಓಡಿಸುತ್ತಿದ್ದರು. ಇಂಜಿನ್ ಹೊಗೆ ಉಗುಳತೊಡಗಿದಾಗ ತಮ್ಮನ ಗ್ಯಾರೇಜಿಗೇ ಬಿಟ್ಟರು. ತಮ್ಮ ಇಂಜಿನ್ ಬಿಚ್ಚಿ, ಹೊಸದರಂತೆ ಮಾಡಿ, ಕೂರಿಸಿ ಕೊಟ್ಟ. ಕೆಲವೇ ದಿನಗಳಲ್ಲಿ, ಇಳಿಜಾರೊಂದರಲ್ಲಿ, ಬ್ರೇಕ್ ತುಳಿದರೆ ಪೆಡಲ್ ನೆಲಕ್ಕೆ ಹೋಗಿ ಕೂತಿತು. ಇಂಜಿನ್ ಹಿಂದಿನ ಗೋಡೆಗೆ ಅಂಟಿಕೊಂಡು ಹೋಗುವ ಬ್ರೇಕ್ ಎಣ್ಣೆಯ ಸಣ್ಣ ಪೈಪು ತುಕ್ಕು ತಿಂದು ಒಡೆದಿತ್ತು. ಅವರು ಕಾರನ್ನು ಮಣ್ಣಿನ ದಿಬ್ಬಕ್ಕೆ ನುಗ್ಗಿಸಿದರು. ಜೀವ ಉಳಿಯಿತು, ಕಾಲು ಮುರಿಯಿತು.

“ನೀನು ಇಂಜಿನ್ ಮಾಡು ಅಂದೆ, ನಾನು ಮಾಡಿದೆ,” ಎಂದ ತಮ್ಮ. “ಅಣ್ಣನ ಗಾಡಿ ಅಂತಾದ್ರೂ ಒಂದ್ಸಲ ಒಳಗೆ ನೋಡಬಾರದಿತ್ತೇನೋ?” ಎಂದರು ಅಣ್ಣ. ಅಲ್ಲಿಗೆ ಇಬ್ಬರ ಮಾತು ನಿಂತಿತು.

ಅತ್ತಿಗೆ ಒಂದು ದಿನ ಮೈದುನನನ್ನು ಬಾಯಿಗೆ ಬಂದಂತೆ ಬೈಯಬೇಕೆಂದೇ ಗ್ಯಾರೇಜಿಗೆ ಹೋದರು. “ದಾರಿಯುದ್ದಕ್ಕೂ ಬೈಗುಳ ಜೋಡಿಸ್ಕೊಂಡೇ ಹೋದೆ. ಹೋಗಿ ನೋಡಿದ್ರೆ ಇವನು ಯಾರದೋ ಕಾರಿನ ಇಂಜಿನ್ ಇಳಿಸಿ, ಆ ಖಾಲಿ ಜಾಗ ನೋಡ್ತಾ ಕಲ್ಲಿನ ಹಾಗೆ ನಿಂತಿದ್ದ. ಊಟ ನಿದ್ದೆ ಬಿಟ್ಟ ಮುಖ. ಯಾವುದಪ್ಪಾ ಆ ಪೈಪು ಅಂದೆ. ಬೆರಳು ತೋರಿಸಿದ. ನಾನೇ ಬಗ್ಗಿ ಅದನ್ನ ಕೊನೇವರೆಗೂ ಸವರಿ ನೋಡಿದೆ. ಬೈಯೋದು ಮರೆತೇ ಹೋಯ್ತು.”

ಮಾರನೆಯ ದಿನ ಹಳೆಯ ಸೀರೆಯ ಸೆರಗು ಬಿಗಿದು, ಬ್ರಷ್ ಹಿಡಿದು ಬಂದರು. ಯಾವ ಪೈಪು ಎಲ್ಲಿಗೆ ಹೋಗುತ್ತದೆ, ಯಾವ ನಟ್ಟನ್ನು ಎಷ್ಟು ಬಿಗಿಯಬೇಕು ಎಂಬುದನ್ನು ಮೈದುನನೇ ಹೇಳಿಕೊಟ್ಟ. ಮೊದಮೊದಲು ಬಿಗಿದದ್ದೆಲ್ಲ ಸಡಿಲ, ಸಡಿಲಿಸಿದ್ದೆಲ್ಲ ಮುರಿತ. ಈಗ ಅವರು ಸರಿ ಎನ್ನುವವರೆಗೆ ಈ ಗ್ಯಾರೇಜಿನಲ್ಲಿ ಯಾವ ಇಂಜಿನ್ನೂ ವಾಪಸ್ ಒಳಗೆ ಹೋಗುವುದಿಲ್ಲ.

ಗಂಡನ ಕಾಲು ಕೂಡಿತು, ಕುಂಟು ಉಳಿಯಿತು. ಬೇರೊಂದು ಕಾರು ಕೊಂಡು ಮತ್ತೆ ಓಡಿಸತೊಡಗಿದರೂ ಗ್ಯಾರೇಜಿನ ಬೀದಿಗೆ ಮಾತ್ರ ಕಾಲಿಡಲಿಲ್ಲ. ಹೋದ ವರ್ಷ ಆ ಕಾರಿನ ಇಂಜಿನ್ನೂ ಮುಷ್ಕರ ಹೂಡಿತು. ಬೇರೆ ಕಡೆ ಕೊಡುತ್ತೇನೆಂದು ಅವರು ಹಟ ಹಿಡಿದರು.

“ಕೊಡಿ. ಆದರೆ ಅಲ್ಲಿ ಇಂಜಿನ್ ಇಳಿಸಿದ ಮೇಲೆ ಒಳಗೆ ಬಗ್ಗಿ ನೋಡೋರು ಯಾರು?” ಎಂದರು ಅತ್ತಿಗೆ.

ಗಂಡ ರಾತ್ರಿಯೆಲ್ಲ ಮುಖ ಊದಿಸಿಕೊಂಡಿದ್ದು, ಬೆಳಿಗ್ಗೆ ಕೀಲಿ ತಂದು ಹೆಂಡತಿಯ ತಟ್ಟೆಯ ಪಕ್ಕ ಇಟ್ಟರು.

ಆ ಕಾರಿನ ಇಂಜಿನ್ ಇಳಿಸಿದ ಮರುದಿನ ಅತ್ತಿಗೆ ಎಂದಿನಂತೆ ಮುಂಜಾನೆ ಬಂದರೆ, ಬಾಗಿಲು ಆಗಲೇ ತೆರೆದಿತ್ತು. ಒಳಗೆ ಮೈದುನ ಗೂಡಿನೊಳಕ್ಕೆ ಬಗ್ಗಿ ಹೊಸ ಬ್ರೇಕ್ ಪೈಪು ಕೂರಿಸುತ್ತಿದ್ದ. “ಹಳೇದು ಚೆನ್ನಾಗೇ ಇತ್ತು, ಹಿಂದಿನ ಸಂಜೆ ನಾನೇ ನೋಡಿದ್ದೆ. ಆದರೂ ಸುಮ್ಮನಾದೆ. ಅವನ ಕೈ ಆ ಕೆಲಸ ಮಾಡ್ಲೇಬೇಕಿತ್ತು,” ಎನ್ನುತ್ತಾರೆ ಅತ್ತಿಗೆ.

ಕಾರು ಒಯ್ಯಲು ಗಂಡ ಬಂದರು. ತಮ್ಮ ಕೈ ಒರೆಸಿಕೊಳ್ಳುತ್ತಾ, ನೆಲ ನೋಡುತ್ತಾ, “ಅಣ್ಣಾ, ಬ್ರೇಕ್ ಪೈಪು ಹೊಸದು. ನಾನೇ ಹಾಕಿದ್ದೀನಿ,” ಎಂದ. ಅಣ್ಣ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಲೆಯೆತ್ತದೆಯೇ ಕೇಳಿದರು: “ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯೇನೋ?”

ಅಷ್ಟೇ. ಆದರೆ ಅತ್ತಿಗೆ ಅವತ್ತು ಗ್ಯಾರೇಜಿನ ಹಿಂದಕ್ಕೆ ಹೋಗಿ, ಕೈಯೆಲ್ಲ ಗ್ರೀಸ್ ಇದ್ದುದರಿಂದ ಕಣ್ಣನ್ನು ಮೊಣಕೈಯಲ್ಲಿ ಒರೆಸಿಕೊಂಡರು.

ಬಿಳಿ ಕಾರಿನ ಗೂಡು ಈಗ ಹೊಳೆಯುತ್ತಿದೆ. ಇನ್ನೇನು ಆಸೆ ಇದೆ ಎಂದು ಕೇಳಿದರೆ ಅತ್ತಿಗೆ ಸೊಂಟ ನೆಟ್ಟಗೆ ಮಾಡಿಕೊಂಡು ಯೋಚಿಸುತ್ತಾರೆ.

“ಮೂರೂ ಜನ ನಮ್ಮ ಕಾರಲ್ಲಿ ಎಲ್ಲಾದ್ರೂ ದೂರ ಹೋಗ್ಬೇಕು. ಅಣ್ಣ ತಮ್ಮ ಮುಂದೆ ಕೂತು ಎಷ್ಟು ಬೇಕಾದ್ರೂ ಹರಟಲಿ. ನಾನು ಹಿಂದಿನ ಸೀಟಲ್ಲಿ ಕಾಲು ಚಾಚಿ ಮಲಗ್ತೀನಿ. ದಾರೀಲಿ ಗಾಡಿ ಏನೇ ಸದ್ದು ಮಾಡಲಿ, ನನ್ನ ಮಾತ್ರ ಎಬ್ಬಿಸಬೇಡಿ ಅಂತ ಇಬ್ಬರಿಗೂ ಈಗ್ಲೇ ಹೇಳಿಟ್ಟಿದ್ದೀನಿ.”